ಮೀನಿನ ತೊಟ್ಟಿ ಸೋರುತ್ತಿದೆಯೇ? ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮ್ಮದು ಮೂರನೆಯ ಮಹಡಿಯ ಫ್ಲಾಟ್. ಹಾಲ್‌ನಲ್ಲಿ ಮೂರಡಿ ಉದ್ದದ ಗಾಜಿನ ಅಕ್ವೇರಿಯಂ ಇಟ್ಟು ನಾಲ್ಕು ವರ್ಷವಾಯಿತು. ಈಚೆಗೆ ಬೆಳಿಗ್ಗೆ ಎದ್ದು ನೋಡಿದರೆ ಸ್ಟ್ಯಾಂಡಿನ ಹಿಂದಿನ ಮೂಲೆ ಒದ್ದೆಯಾಗಿರುತ್ತದೆ, ನೀರಿನ ಮಟ್ಟವೂ ಇಳಿದಿರುತ್ತದೆ. ಅಂಗಡಿಯವರು ಬಂದು ಹೊರಗಿನಿಂದ ಸಿಲಿಕೋನ್ ಬಳಿದು ಹೋದರು, ಆದರೂ ಜಿನುಗುವುದು ನಿಂತಿಲ್ಲ. ಹೊಸ ತೊಟ್ಟಿಯನ್ನೇ ಕೊಳ್ಳಬೇಕೇ? – ಓದುಗರು, ಬೆಂಗಳೂರು

ಉತ್ತರ: ಕೊಳ್ಳುವ ಮಾತು ಆಮೇಲಿನದು. ನೀರು ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ಖಚಿತವಾಗಬೇಕು. ನೀರಿನ ಮಟ್ಟ ಇಳಿಯುವುದೊಂದೇ ಸೋರಿಕೆಗೆ ಸಾಕ್ಷಿಯಲ್ಲ. ಬೇಸಿಗೆಯಲ್ಲಿ, ಅದರಲ್ಲೂ ಫ್ಯಾನಿನ ಗಾಳಿ ತಗಲುವ ಕಡೆ, ಮುಚ್ಚಳವಿಲ್ಲದ ತೊಟ್ಟಿಯ ನೀರು ದಿನಕ್ಕೆ ಕೆಲವು ಮಿಲಿಮೀಟರಿನಷ್ಟು ಆವಿಯಾಗಿ ಹೋಗುವುದು ಸಹಜ. ಆದರೆ ನಿಮ್ಮಲ್ಲಿ ಮೂಲೆಯೂ ಒದ್ದೆಯಾಗುತ್ತಿರುವುದರಿಂದ ಪರೀಕ್ಷಿಸದೆ ಬಿಡುವಂತಿಲ್ಲ. ತೊಟ್ಟಿಯ ಹೊರಮೈ, ಕೊಳವೆಗಳು ಮತ್ತು ಸ್ಟ್ಯಾಂಡನ್ನು ಒಣಬಟ್ಟೆಯಿಂದ ಪೂರ್ತಿ ಒರೆಸಿ, ಕೆಳಗೆ ಸುತ್ತಲೂ ಹಳೆಯ ಪತ್ರಿಕೆಯನ್ನು ಹಾಸಿ. ಹಗಲಿನಲ್ಲಿ ನೀವು ಎದುರಿಗಿರುವಾಗ ಒಂದೆರಡು ಗಂಟೆ ಫಿಲ್ಟರನ್ನೂ ಗಾಳಿ ಪಂಪನ್ನೂ ನಿಲ್ಲಿಸಿ ಕಾದು ನೋಡಿ. ಪತ್ರಿಕೆ ಒಣಗಿಯೇ ಉಳಿದು, ಪಂಪ್ ಓಡಿಸಿದ ಮೇಲೆ ಒದ್ದೆಯಾದರೆ ದೋಷವಿರುವುದು ಗಾಜಿನಲ್ಲಲ್ಲ, ಫಿಲ್ಟರಿನ ಕೊಳವೆಯಲ್ಲಿ, ಅದರ ರಬ್ಬರ್ ರಿಂಗಿನಲ್ಲಿ ಅಥವಾ ಗುಳ್ಳೆಗಳು ಸಿಡಿದು ಅಂಚಿನ ಮೇಲೆ ಚಿಮ್ಮುವ ಹನಿಗಳಲ್ಲಿ. ಇದು ನೂರಿನ್ನೂರು ರೂಪಾಯಿಯ ರಿಪೇರಿ. ಇದನ್ನು ನೋಡದೆ ತೊಟ್ಟಿಯನ್ನೇ ಎಸೆದವರು ಕಡಿಮೆಯೇನಿಲ್ಲ.

ಎಲ್ಲವನ್ನೂ ನಿಲ್ಲಿಸಿದ ಮೇಲೂ ಜಿನುಗುತ್ತಿದ್ದರೆ ಗಾಜುಗಳ ಕೂಡುವ ಗೆರೆಯಲ್ಲಿ ಸಿಲಿಕೋನ್ ಬಿಟ್ಟಿದೆ ಎಂದು ತಿಳಿಯಬೇಕು. ಹೊರಗಿನಿಂದ ಬಳಿದದ್ದು ಏಕೆ ನಿಲ್ಲಲಿಲ್ಲ ಎಂಬುದಕ್ಕೆ ಕಾರಣ ಸರಳವಾಗಿದೆ. ನೀರು ಒಳಗಿನಿಂದ ಒತ್ತುತ್ತಿರುವಾಗ ಹೊರಗಿನ ಪದರವನ್ನು ಅದು ಗಾಜಿನಿಂದ ದೂರಕ್ಕೇ ತಳ್ಳುತ್ತದೆ. ಒಳಗಿನ ಪದರವನ್ನಾದರೆ ಗಾಜಿಗೇ ಒತ್ತಿ ಹಿಡಿಯುತ್ತದೆ. ಈ ಒತ್ತಡ ಸಣ್ಣದೇನಲ್ಲ. 90 ಸೆಂ.ಮೀ. ಉದ್ದದ ತೊಟ್ಟಿಯಲ್ಲಿ 45 ಸೆಂ.ಮೀ. ಎತ್ತರ ನೀರಿದ್ದರೆ ಮುಂದಿನ ಗಾಜಿನ ಮೇಲೆ ಬೀಳುವ ಒಟ್ಟು ಒತ್ತಡ ಸುಮಾರು 90 ಕಿಲೋ ಭಾರಕ್ಕೆ ಸಮ, ಅದರ ಹೆಚ್ಚಿನ ಪಾಲು ತಳದ ಕಡೆಗೇ ಇರುತ್ತದೆ. ಆದ್ದರಿಂದ ರಿಪೇರಿ ಆಗುವ ತನಕ ನೀರನ್ನು ಅರ್ಧಕ್ಕೆ ಇಳಿಸಿಡಿ. ಎತ್ತರ ಅರ್ಧವಾದರೆ ಆ ಗಾಜಿನ ಮೇಲಿನ ಒಟ್ಟು ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ.

ರಿಪೇರಿಯನ್ನು ತೊಟ್ಟಿ ಖಾಲಿ ಮಾಡಿಯೇ ಮಾಡಬೇಕು. ಹೊಸ ಸಿಲಿಕೋನ್ ಗಾಜಿಗೆ ಚೆನ್ನಾಗಿ ಅಂಟುತ್ತದೆ, ಆದರೆ ಒಣಗಿದ ಹಳೆಯ ಸಿಲಿಕೋನಿಗೆ ಸರಿಯಾಗಿ ಅಂಟುವುದಿಲ್ಲ; ಸೋರುವ ಮೂಲೆಯಲ್ಲಿ ಮಾತ್ರ ತೇಪೆ ಹಾಕಿದರೆ ಹಳತು ಹೊಸತು ಸೇರುವ ಜಾಗದಲ್ಲಿ ಮತ್ತೆ ನೀರು ದಾರಿ ಮಾಡಿಕೊಳ್ಳುತ್ತದೆ. ಆದ್ದರಿಂದ ಒಳಮೂಲೆಗಳ ಹಳೆಯ ಪದರವನ್ನು ಬ್ಲೇಡಿನಿಂದ ಎಲ್ಲ ಕಡೆಯೂ ಕೆರೆದು, ಗಾಜನ್ನು ಐಸೊಪ್ರೊಪಿಲ್ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ, ಒಂದೇ ಸಲಕ್ಕೆ ಎಲ್ಲ ಗೆರೆಗಳಿಗೂ ಹೊಸದನ್ನು ಎಳೆಯಬೇಕು. ಗಾಜು ಗಾಜನ್ನು ಹಿಡಿದಿರುವ ನಡುವಿನ ಪದರವನ್ನು ಮಾತ್ರ ಮುಟ್ಟಬೇಡಿ. ಆ ಪದರದಲ್ಲೇ ಗುಳ್ಳೆಗಳೋ ಬಿಳಿಚಿಕೊಂಡ ಪಟ್ಟಿಗಳೋ ಕಾಣುತ್ತಿದ್ದರೆ ತೊಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿಸಬೇಕಾಗುತ್ತದೆ, ಆಗ ಹೊಸತನ್ನು ಕೊಳ್ಳುವುದೇ ಲೇಸು. ಸಿಲಿಕೋನ್ ಕೊಳ್ಳುವಾಗ ಅಕ್ವೇರಿಯಂಗೆಂದೇ ತಯಾರಾದುದನ್ನು ಕೇಳಿ ಪಡೆಯಿರಿ. ಬಚ್ಚಲುಮನೆಗೆ ಬಳಸುವ ಹಲವು ಬಗೆಗಳಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಬೆರೆತಿದ್ದು ಅದು ಮೀನುಗಳಿಗೆ ವಿಷವಾಗುತ್ತದೆ. ಬಳಿದ ಮೇಲೆ ಹುಳಿವಾಸನೆ ಪೂರ್ತಿ ಹೋಗುವವರೆಗೆ, ಸಾಧ್ಯವಾದರೆ ಒಂದು ವಾರ, ಒಣಗಲು ಬಿಡಿ. ಅನಂತರ ಮೊದಲ ಸಲ ನೀರು ತುಂಬಿಸುವುದು ಹಾಲ್‌ನಲ್ಲಿ ಬೇಡ, ಬಚ್ಚಲುಮನೆಯ ಸಮತಟ್ಟಾದ ಜಾಗದಲ್ಲಿ ಥರ್ಮೋಕೋಲ್ ಹಾಳೆಯ ಮೇಲಿಟ್ಟು ಒಂದು ದಿನ ನೋಡಿ.

ಈ ಅವಧಿಯಲ್ಲಿ ಮೀನುಗಳನ್ನು ಅದೇ ತೊಟ್ಟಿಯ ನೀರು ತುಂಬಿದ ಟಬ್ಬಿನಲ್ಲಿ ಗಾಳಿ ಕೊಳವೆಯೊಡನೆ ಇಡಿ. ಫಿಲ್ಟರಿನ ಸ್ಪಾಂಜನ್ನೂ ಅದೇ ಟಬ್ಬಿಗೆ ಹಾಕಬೇಕು. ಮೀನಿನ ತ್ಯಾಜ್ಯದಿಂದ ಹುಟ್ಟುವ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಆಮೇಲೆ ನೈಟ್ರೇಟಾಗಿಯೂ ಬದಲಿಸುವ ಬ್ಯಾಕ್ಟೀರಿಯ ವಾಸಿಸುವುದು ಆ ಸ್ಪಾಂಜಿನಲ್ಲಿ. ಅದನ್ನು ಒಣಗಿಸಿದರೆ ಅಥವಾ ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದರೆ, ತೊಟ್ಟಿ ಸರಿಯಾದರೂ ಮೀನುಗಳು ಉಳಿಯುವುದು ಕಷ್ಟ. ತೊಟ್ಟಿಯನ್ನು ಮರಳಿ ಇಡುವ ಮುನ್ನ ಗಾರೆ ಕೆಲಸದವರ ರಸಮಟ್ಟದಿಂದ ಸ್ಟ್ಯಾಂಡನ್ನು ಅಳೆಯಿರಿ. ಒಂದು ಕಾಲು ತಗ್ಗಿದ್ದರೆ 120 ಲೀಟರ್ ನೀರಿನ ಭಾರ ತೊಟ್ಟಿಯನ್ನು ತಿರುಚುತ್ತಲೇ ಇರುತ್ತದೆ. ಒಂದೇ ಮೂಲೆ ಬಿಟ್ಟುಕೊಂಡಾಗ ನಾನು ಮೊದಲು ಅನುಮಾನಿಸುವುದು ಸ್ಟ್ಯಾಂಡನ್ನೇ.

ಪ್ರಶ್ನೆ: ರಾತ್ರಿ ಕರೆಂಟ್ ಹೋಗಿತ್ತು. ಬೆಳಿಗ್ಗೆ ನೋಡಿದರೆ ನೆಲದ ತುಂಬ ನೀರು, ತೊಟ್ಟಿ ಅರ್ಧ ಖಾಲಿ, ನೆಲದ ಮೇಲಿದ್ದ ಗಾಳಿ ಪಂಪಿನೊಳಗೆಲ್ಲ ನೀರು. ಗಾಜು ಎಲ್ಲೂ ಒಡೆದಿಲ್ಲ. ಹೀಗೇಕಾಯಿತು? – ಓದುಗರು, ಹುಬ್ಬಳ್ಳಿ

ಉತ್ತರ: ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದದ್ದೇ ಕಾರಣ. ಕರೆಂಟ್ ಇರುವಾಗ ಗಾಳಿಯ ಒತ್ತಡ ನೀರನ್ನು ಕೊಳವೆಯಿಂದ ಹೊರಗಿಡುತ್ತದೆ. ಪಂಪ್ ನಿಂತೊಡನೆ ನೀರು ಕೊಳವೆಯೊಳಕ್ಕೆ ಹಿಮ್ಮೆಟ್ಟುತ್ತದೆ. ತೊಟ್ಟಿ ಅಂಚಿನವರೆಗೆ ತುಂಬಿದ್ದು, ಆ ನೀರು ಒಮ್ಮೆ ಅಂಚನ್ನು ದಾಟಿ ಕೆಳಮುಖವಾಯಿತೆಂದರೆ, ಡ್ರಮ್ಮಿನಿಂದ ಸೀಮೆಎಣ್ಣೆ ಇಳಿಸಿದಂತೆ ತನ್ನಷ್ಟಕ್ಕೆ ಹರಿಯುತ್ತಲೇ ಇರುತ್ತದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ತೂಗುಹಾಕಿ. ಅದಾಗದಿದ್ದರೆ ಕೊಳವೆಗೆ ನಾನ್‌ರಿಟರ್ನ್ ವಾಲ್ವ್ ಹಾಕಿ. ಪಂಪಿನ ಕಡೆಯಿಂದ ಊದಿದರೆ ಗಾಳಿ ಹೋಗಬೇಕು, ತೊಟ್ಟಿಯ ಕಡೆಯಿಂದ ಊದಿದರೆ ಹೋಗಬಾರದು. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕಟ್ಟಿ ವಾಲ್ವ್ ಕೆಡುವುದರಿಂದ ಈ ಪರೀಕ್ಷೆಯನ್ನು ಆಗಾಗ ಮಾಡುತ್ತಿರಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸಿದ್ದು ಬೇರೆಯೇ ಸಂಗತಿ. ನೀರಾಗಿರುವ ನೆಲದ ಮೇಲೆ ನಿಂತು ಪ್ಲಗ್ ಕೀಳುವುದು ಜೀವಕ್ಕೇ ಅಪಾಯ. ಮೊದಲು ಒಣ ಜಾಗದಲ್ಲಿ ನಿಂತು ಮನೆಯ ಮೇನ್ ಸ್ವಿಚ್ ಆರಿಸಿ, ಆಮೇಲೆ ನೀರಿನತ್ತ ಹೋಗಿ. ನೀರು ಹೊಕ್ಕ ಪಂಪನ್ನು ಮತ್ತೆ ಬಳಸಬೇಡಿ. ಪ್ರತಿಯೊಂದು ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಇಳಿಬಿದ್ದು ಮತ್ತೆ ಮೇಲೇರುವಂತಿರಲಿ. ಆಗ ವೈರಿನ ಗುಂಟ ಬರುವ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಸಾಕೆಟ್ಟನ್ನು ಸೇರುವುದಿಲ್ಲ. ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಕರೆಂಟ್ ಕಡಿಯುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಹೊರೆ ಹೆಚ್ಚಾದಾಗ ತಾನೇ ಆರುವ ಎಂಸಿಬಿ ಸ್ವಿಚ್ ವೈರಿಂಗನ್ನು ಕಾಪಾಡುತ್ತದೆ, ಶಾಕ್ ಹೊಡೆದಾಗ ಮನುಷ್ಯರನ್ನು ಕಾಪಾಡುವುದು ಆರ್‌ಸಿಸಿಬಿ.

ಪ್ರಶ್ನೆ: ಮಗುವಿನ ಆಟಿಕೆ ಬಡಿದು ತೊಟ್ಟಿಯ ಕೆಳಮೂಲೆಯಲ್ಲಿ ಎರಡು ಬೆರಳುದ್ದದ ಬಿರುಕು ಬಿದ್ದಿದೆ. ನೀರು ಸೋರುತ್ತಿಲ್ಲ. ಬರ್ಲಿನ್‌ನಲ್ಲಿ ದೊಡ್ಡ ಅಕ್ವೇರಿಯಂ ಒಡೆದ ಸುದ್ದಿ ನೆನಪಾಗಿ ಹೆದರಿಕೆಯಾಗುತ್ತಿದೆ. – ಓದುಗರು, ಮೈಸೂರು

ಉತ್ತರ: 2022ರ ಡಿಸೆಂಬರ್ 16ರಂದು ಒಡೆದ ಬರ್ಲಿನ್ನಿನ ಅಕ್ವಾಡೋಮ್ ಗಾಜಿನದಲ್ಲ, ಅಕ್ರಿಲಿಕ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನದು, ಅದರಲ್ಲಿದ್ದದ್ದು ಸುಮಾರು 10 ಲಕ್ಷ ಲೀಟರ್ ನೀರು, ನಿಮ್ಮ ತೊಟ್ಟಿಗೂ ಅದಕ್ಕೂ ಹೋಲಿಕೆಯಿಲ್ಲ. ಆದರೆ ನಿಮ್ಮ ಹೆದರಿಕೆ ನ್ಯಾಯವಾದದ್ದು. ಗಾಜಿನ ಬಿರುಕು ಒತ್ತಡದಲ್ಲಿ ಬೆಳೆಯುತ್ತಲೇ ಹೋಗುತ್ತದೆ, ಯಾವ ಗಳಿಗೆಯಲ್ಲಿ ಅಡ್ಡಕ್ಕೆ ಸೀಳುತ್ತದೆಂದು ಮೊದಲೇ ತಿಳಿಯುವುದಿಲ್ಲ. ಅದರ ಮೇಲೆ ಸಿಲಿಕೋನ್ ಬಳಿಯುವುದು ಪರಿಹಾರವಲ್ಲ. ಇಂದೇ ಮೀನುಗಳನ್ನು ಟಬ್ಬಿಗೆ ಸಾಗಿಸಿ ತೊಟ್ಟಿಯನ್ನು ಖಾಲಿ ಮಾಡಿ, ಆ ಕೆಲಸ ಮುಗಿಯುವವರೆಗೆ ಮಗುವನ್ನು ಇನ್ನೊಂದು ಕೋಣೆಯಲ್ಲಿರಿಸಿ, ಬಿರುಕು ಬಿಟ್ಟ ಗಾಜನ್ನು ಪೂರ್ತಿಯಾಗಿ ಬದಲಾಯಿಸಿ. ಟಬ್ಬಿನ ಮೇಲೆ ಬಲೆಯನ್ನು ಬಿಗಿದು ಕಟ್ಟಿರಿ. ಹೊಸ ಜಾಗದಲ್ಲಿ ಬೆದರಿದ ಮೀನುಗಳು ಹೊರಕ್ಕೆ ಜಿಗಿಯುತ್ತವೆ.