ಮುಚ್ಚಿದ ಸರಕು ಟ್ರೈಲರನ್ನು ಚಳಿಗಾಲದ ಬಿಡಾರವಾಗಿಸುವುದು ಹೇಗೆ?
ಅಮೆರಿಕದ ಕಡುಚಳಿಯ ಮಿನ್ನೆಸೋಟ ರಾಜ್ಯದಂತಹ ಕಡೆ, ಸಾಮಾನು ಸಾಗಿಸುವ ಟ್ರೈಲರಿನಲ್ಲೇ ಚಳಿಗಾಲದ ರಾತ್ರಿ ಕಳೆಯಬೇಕಾದರೆ ಚಳಿಗಿಂತ ಮೊದಲು ತೇವದ ಬಗ್ಗೆ ಯೋಚಿಸಬೇಕು. ಮಲಗಿದವರ ಉಸಿರಿನ ಆವಿ ಗೋಡೆಯ ಉಕ್ಕಿನ ಪಟ್ಟಿಗಳ ಮೇಲೆ ಹನಿಗಟ್ಟಿ, ಬೆಳಗಾಗುವಷ್ಟರಲ್ಲಿ ಹಿಮದ ಪದರವಾಗಿ, ಬಿಸಿ ತಾಗಿದೊಡನೆ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಆದ್ದರಿಂದ ಚಳಿ ತಡೆಯುವ ಗಟ್ಟಿ ಫೋಮ್ ಹಲಗೆಯನ್ನು ಪಟ್ಟಿಗಳ ನಡುವೆ ಮಾತ್ರವಲ್ಲದೆ ಅವುಗಳ ಮೇಲೂ ಹೊದಿಸಿ, ಸಂದುಗಳನ್ನು ಟೇಪಿನಿಂದ ಮುಚ್ಚಿ. ಹೊಗೆಕೊಳವೆಯಿಲ್ಲದ ಪ್ರೊಪೇನ್ ಅನಿಲದ ಹೀಟರ್ ಬೇಡವೇ ಬೇಡ. 1 ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಾವಿ ಹುಟ್ಟುತ್ತದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲದ ಅಪಾಯ ಬೇರೆ. ಹೊಗೆಯನ್ನು ಹೊರಗೆ ಬಿಡುವ ಡೀಸೆಲ್ ಹೀಟರ್ ಮೇಲು. ಆದರೂ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು, ಛಾವಣಿಯ ಕಿಂಡಿ ತುಸು ತೆರೆದಿರಬೇಕು. ಮಂಚ ಗೋಡೆಗೆ ಮಡಚಿಕೊಳ್ಳುವಂತಿದ್ದರೆ ನೆಲವೆಲ್ಲ ಸರಕಿಗೆ ಸಿಗುತ್ತದೆ. ತುಂಬಿದ ಟ್ರೈಲರಿನ ಒಟ್ಟು ತೂಕದ ಶೇ. 10ರಿಂದ 15ರಷ್ಟು, ಎಳೆಯುವ ವಾಹನಕ್ಕೆ ಸೇರುವ ಮುಂದಿನ ಕೊಂಡಿಯ ಮೇಲೆ ಬೀಳುವಂತೆ ಸರಕನ್ನು ಜೋಡಿಸಿ.