ರಾಜಕೀಯ ಉಗ್ರವಾದದ ಬೀಟ್: ಟಿವಿ ವರದಿಗಾರರಿಗೆ ಇದರಲ್ಲಿ ಭವಿಷ್ಯ ಇದೆಯೇ?

ಸುದ್ದಿವಾಹಿನಿಯಲ್ಲಿ ಎರಡು ವರ್ಷದಿಂದ ಜನರಲ್ ರಿಪೋರ್ಟಿಂಗ್ ಮಾಡುತ್ತಿದ್ದೀರಿ, ಇನ್ನು ಉಗ್ರ ರಾಜಕೀಯ ಗುಂಪುಗಳನ್ನೇ ಬೀಟ್ (ಅಂದರೆ ನಿಮ್ಮದೇ ಆದ ಸುದ್ದಿಕ್ಷೇತ್ರ) ಮಾಡಿಕೊಳ್ಳಬೇಕು ಅಂತಿದ್ದೀರಿ. ಇದರಲ್ಲಿ ಹೊಟ್ಟೆಪಾಡು ನಡೆಯುತ್ತದಾ, ಅಪಾಯ ಎಷ್ಟು, ಅಂಥವರ ಸಂದರ್ಶನ ಹೇಗೆ ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಇದೇ ಬೀಟ್‌ನಲ್ಲಿ ಮೊದಲು ವರದಿಗಾರನಾಗಿದ್ದವನು, ಈಗ ಪ್ರೊಡ್ಯೂಸರ್. ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಇರುವುದರಲ್ಲಿ ಅದೇ ಸುಲಭದ್ದು. ಸಂದರ್ಶನ ಸಿಗುತ್ತದೆ. ಕೇಳಿದರೆ ಸಾಕು, ಬಹಳಷ್ಟು ಜನ ತಾವಾಗಿಯೇ ಬಂದು ಕೂರುತ್ತಾರೆ. ಅವರಿಗೆ ಬೇಕಿರುವುದೇ ನಿಮ್ಮ ಕ್ಯಾಮೆರಾ. ಈ ಕೆಲಸದ ತಲೆನೋವೆಲ್ಲ ಶುರುವಾಗುವುದು ಅಲ್ಲಿಂದಲೇ.

ಪ್ರಚಾರವೇ ಭಯೋತ್ಪಾದಕರಿಗೆ ಆಮ್ಲಜನಕ, ಅದನ್ನು ಸಿಗದಂತೆ ಮಾಡಬೇಕು ಎಂದು ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1985ರಲ್ಲಿ ಹೇಳಿದ್ದರು. 1988ರ ಅಕ್ಟೋಬರಿನಲ್ಲಿ ಅವರ ಸರ್ಕಾರ ಉತ್ತರ ಐರ್ಲೆಂಡಿನ ಶಿನ್ ಫೇನ್ ಪಕ್ಷ (ಸಶಸ್ತ್ರ ಗುಂಪು ಐಆರ್‌ಎಯ ರಾಜಕೀಯ ಮುಖ) ಮತ್ತು ಕೆಲವು ಸಂಘಟನೆಗಳ ಪ್ರತಿನಿಧಿಗಳ ದನಿಯನ್ನು ಟಿವಿ, ರೇಡಿಯೊಗಳಲ್ಲಿ ನಿಷೇಧಿಸಿತು. ಮುಖ ತೋರಿಸಬಹುದು, ದನಿ ಕೇಳಿಸುವಂತಿಲ್ಲ. ವಾಹಿನಿಗಳು ನಟರನ್ನು ಕರೆಸಿ ಡಬ್ ಮಾಡಿಸಿದವು. ತೆರೆಯ ಮೇಲೆ ಶಿನ್ ಫೇನ್ ನಾಯಕ ಗೆರಿ ಆಡಮ್ಸ್ ತುಟಿ ಅಲ್ಲಾಡಿಸುತ್ತಿದ್ದರೆ ಮಾತು ಇನ್ಯಾರದೋ ಗಂಟಲಿನಿಂದ ಬರುತ್ತಿತ್ತು. ಸ್ಟೀಫನ್ ರೇ ಅವರಂಥ ಹೆಸರಾಂತ ನಟರೂ ದನಿ ಕೊಟ್ಟರು. ನಿಷೇಧ ತೆಗೆದದ್ದು 1994ರ ಸೆಪ್ಟೆಂಬರಿನಲ್ಲಿ. ಅಷ್ಟು ವರ್ಷವೂ ಅವರ ಮಾತು ಜನರ ಮನೆ ತಲುಪುತ್ತಲೇ ಇತ್ತು, ಅದೂ ತರಬೇತಾದ ದನಿಯಲ್ಲಿ!

ದನಿ ಅಡಗಿಸುವುದು ಒಂದು ತುದಿಯಾದರೆ, ಕರೆದು ವೇದಿಕೆ ಕೊಡುವ ಇನ್ನೊಂದು ತುದಿಯೂ ಅದೇ 1988ರದ್ದೇ. ನವೆಂಬರಿನಲ್ಲಿ ಅಮೆರಿಕದ ಹೆರಾಲ್ಡೊ ರಿವೇರಾ ತಮ್ಮ ಟಾಕ್ ಶೋನಲ್ಲಿ ಬಿಳಿಯ ಜನಾಂಗವಾದಿ ಯುವಕರನ್ನೂ ಕಪ್ಪು ಸಮುದಾಯದ ಹೋರಾಟಗಾರರೊಬ್ಬರನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದರು. ಕುರ್ಚಿ ಹಾರಿತು, ರಿವೇರಾ ಅವರ ಮೂಗು ಮುರಿಯಿತು, ದೇಶವೆಲ್ಲ ಅದೇ ಮಾತು. ಆ ಗುಂಪಿಗೆ ದುಡ್ಡು ಎಲ್ಲಿಂದ ಬರುತ್ತದೆ, ಹುಡುಗರನ್ನು ಎಲ್ಲಿ ಹಿಡಿಯುತ್ತಾರೆ ಎಂಬುದು ಮಾತ್ರ ನೋಡಿದವರಿಗೆ ತಿಳಿಯಲಿಲ್ಲ. ಇವತ್ತಿನ ಪ್ರೈಮ್‌ಟೈಮ್ ಡಿಬೇಟ್‌ಗಳಲ್ಲಿ ಕುರ್ಚಿ ಹಾರುವುದಿಲ್ಲ ಅನ್ನುವುದೊಂದೇ ವ್ಯತ್ಯಾಸ. ನಿಮಗೆ ಅಂಥ ಡಿಬೇಟ್ ನಡೆಸುವ ಆಸೆಯಿದ್ದರೆ ಈ ಬೀಟ್ ಬೇಡ, ಆಂಕರಿಂಗ್ ಕಡೆ ಹೋಗಿ. ದುಡ್ಡೂ ಅಲ್ಲೇ ಹೆಚ್ಚು.

ಸಂದರ್ಶನದ ಕೋಣೆ ಹೇಗಿರುತ್ತದೆ ಹೇಳುತ್ತೇನೆ. ನಿಮ್ಮ ಕ್ಯಾಮೆರಾಮನ್ ಕಾಲರಿಗೆ ಪುಟ್ಟ ಲೇಪಲ್ ಮೈಕ್ ಸಿಕ್ಕಿಸುವ ಹೊತ್ತಿಗೇ ಅವರ ಕಡೆಯ ಹುಡುಗನೊಬ್ಬ ಮೂಲೆಯಲ್ಲಿ ಮೊಬೈಲ್ ಹಿಡಿದು ನಿಮ್ಮನ್ನು ಶೂಟ್ ಮಾಡುತ್ತಿರುತ್ತಾನೆ. ನೀವು ತಡವರಿಸಿದ್ದಷ್ಟನ್ನೇ ಕತ್ತರಿಸಿ, ನಿಮ್ಮ ಪ್ಯಾಕೇಜ್ (ಎಡಿಟ್ ಆದ ವರದಿ) ಪ್ರಸಾರವಾಗುವ ಮೊದಲೇ ಅವರು ತಮ್ಮ ಚಾನೆಲ್ಲಿಗೆ ಹಾಕಿಬಿಡಬಹುದು. ಆದ್ದರಿಂದ ಮೈಕ್ ಸಿಕ್ಕಿಸಿದಾಗಿನಿಂದ ಬಿಚ್ಚುವವರೆಗೆ ನಿಮ್ಮದೇ ಪೂರ್ತಿ ರೆಕಾರ್ಡಿಂಗ್ ಇರಬೇಕು. ಇನ್ನು ಪ್ರಶ್ನೆ. "ಯಾಕಿಷ್ಟು ದ್ವೇಷ?" ಎಂದು ಕೇಳಿದರೆ ಉತ್ತರ ಗಿಳಿಪಾಠದ ಹಾಗೆ ಹರಿದುಬರುತ್ತದೆ, ಇತಿಹಾಸದಿಂದ ಹಿಡಿದು ಜನಸಂಖ್ಯೆಯವರೆಗೆ. "ಮೊನ್ನೆಯ ಸಭೆಗೆ ಹಾಲ್ ಬಾಡಿಗೆ ಯಾರು ಕಟ್ಟಿದರು? ರಸೀದಿ ಯಾರ ಹೆಸರಿನಲ್ಲಿದೆ?" ಎಂದು ಕೇಳಿ ನೋಡಿ. ಅವರ ಕಣ್ಣು ಮೊಬೈಲ್ ಹುಡುಗನ ಕಡೆ ತಿರುಗುತ್ತದೆ. ಆ ಎರಡು ಸೆಕೆಂಡು ಎಡಿಟ್‌ನಲ್ಲಿ ಹೋಗದಂತೆ ನೋಡಿಕೊಳ್ಳಿ. 1997ರಲ್ಲಿ ಪತ್ರಕರ್ತ ಪೀಟರ್ ಆರ್ನೆಟ್ ಸಿಎನ್‌ಎನ್‌ಗಾಗಿ ಬಿನ್ ಲಾಡೆನ್‌ನನ್ನು ಸಂದರ್ಶಿಸುವ ಮುಂಚೆ ಪ್ರಶ್ನೆಗಳನ್ನು ತರಿಸಿಕೊಂಡ ಅವನ ಕಡೆಯವರು ಕುಟುಂಬ ಮತ್ತು ಹಣಕಾಸಿನ ಪ್ರಶ್ನೆಗಳನ್ನು ಹೊಡೆದುಹಾಕಿದ್ದರು. ಸಿದ್ಧಾಂತದ ಪ್ರಶ್ನೆಗೆ ಯಾರೂ ಹೆದರುವುದಿಲ್ಲ, ಲೆಕ್ಕಪತ್ರದ ಪ್ರಶ್ನೆಗೆ ಹೆದರುತ್ತಾರೆ.

ನೋಡಿ ಕಲಿಯಬೇಕಾದ ಕೆಲಸ ಎಂದರೆ ಅಮೆರಿಕದ ವರದಿಗಾರ್ತಿ ಎಲ್ ರೀವ್ ಅವರದ್ದು. 2017ರ ಆಗಸ್ಟ್ 11ರ ರಾತ್ರಿ ಅಮೆರಿಕದ ಷಾರ್ಲಟ್ಸ್‌ವಿಲ್‌ನಲ್ಲಿ ಬಿಳಿಯ ಜನಾಂಗವಾದಿಗಳು ಪಂಜು ಹಿಡಿದು ಮೆರವಣಿಗೆ ಹೊರಟರು. ಮರುದಿನ ಅವರಲ್ಲೊಬ್ಬ ವಿರೋಧಿ ಪ್ರತಿಭಟನಾಕಾರರ ಮೇಲೆ ಕಾರು ನುಗ್ಗಿಸಿ ಹೆದರ್ ಹೇಯರ್ ಎಂಬಾಕೆಯನ್ನು ಕೊಂದ. ವೈಸ್ ನ್ಯೂಸ್‌ಗಾಗಿ ರೀವ್ ಆ ಎರಡೂ ದಿನ ಆ ಗುಂಪಿನ ಜೊತೆಗೇ ಇದ್ದರು. ಸುಮಾರು 22 ನಿಮಿಷದ ಆ ವರದಿಗೆ ಅಮೆರಿಕದ ಪ್ರತಿಷ್ಠಿತ ಪ್ರಸಾರ ಪ್ರಶಸ್ತಿ ಪೀಬಡಿ ಬಂತು. ಅದರ ಕೊನೆಯಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಗುಂಪಿನ ಮುಂದಾಳೊಬ್ಬ ಮೈಮೇಲಿದ್ದ ಬಂದೂಕುಗಳನ್ನು ಒಂದೊಂದಾಗಿ ತೆಗೆದು ಹಾಸಿಗೆ ಮೇಲೆ ಹಾಕುತ್ತಾನೆ. ರೀವ್ ವಾದಕ್ಕಿಳಿಯುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಇಂಥವರು ಬಲೆಬೀಸುವ ಆನ್‌ಲೈನ್ ಕೂಟಗಳನ್ನು ಅವರು ಅದಕ್ಕೆ ಮುಂಚಿನಿಂದಲೇ ಓದಿಕೊಂಡು ಬಂದಿದ್ದರು. ಆಮೇಲೆ 2019ರಲ್ಲಿ ಸಿಎನ್‌ಎನ್ ಸೇರಿ ಇದೇ ಬೀಟ್ ಮುಂದುವರಿಸಿದರು. ತೆರೆಯ ಮೇಲೆ ಕಾಣುವ ಧೈರ್ಯದ ಹಿಂದೆ ಎಷ್ಟು ಓದು ಇರುತ್ತದೆ ಎನ್ನುವುದು ಹೊಸಬರಿಗೆ ಕಾಣುವುದಿಲ್ಲ.

ಅದೇ ಘಟನೆಯ ಸಿವಿಲ್ ಮೊಕದ್ದಮೆಯಲ್ಲಿ 2021ರ ನವೆಂಬರಿನಲ್ಲಿ ಜ್ಯೂರಿ ಸಂಘಟಕರ ಮೇಲೆ 2.5 ಕೋಟಿ ಡಾಲರಿಗೂ ಹೆಚ್ಚು ಪರಿಹಾರ ಹೊರಿಸಿತು. ಮೊತ್ತದ ಬಗ್ಗೆ ಆಮೇಲೂ ಕೋರ್ಟಿನಲ್ಲಿ ಜಗ್ಗಾಟ ನಡೆಯಿತು, ಅದು ಬೇರೆ ಮಾತು. ಅಲ್ಲಿ ಸಾಕ್ಷ್ಯವಾಗಿ ಕೆಲಸಕ್ಕೆ ಬಂದದ್ದರಲ್ಲಿ ಅವರವರೇ ಒಳಗೊಳಗೆ ಮಾಡಿಕೊಂಡ ಚಾಟ್‌ಗಳು ಮುಖ್ಯ. ನಿಮ್ಮ ವಾರದ ಬಹುಭಾಗ ಹೋಗುವುದೂ ಇಂಥ ಕಾಗದದಲ್ಲೇ. ಚಾರ್ಜ್‌ಶೀಟ್, ಜಾಮೀನು ಆದೇಶ, ಟ್ರಸ್ಟಿನ ನೋಂದಣಿ ಪತ್ರ, ಹಳೆಯ ಕರಪತ್ರ. ಟಿವಿಗೆ ಇದರಿಂದ ವಿಷುವಲ್ಸ್ ಸಿಗುವುದಿಲ್ಲ ಅನ್ನುವುದು ಡೆಸ್ಕ್‌ನ ನಿತ್ಯದ ಗೊಣಗಾಟ. ಗೊಣಗಲಿ ಬಿಡಿ.

ಏನನ್ನು ತೋರಿಸಬಾರದು ಎಂಬ ನಿರ್ಧಾರವೂ ನಿಮ್ಮ ಕೆಲಸವೇ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನು ಮೊದಲ ಮಸೀದಿಯ ದಾಳಿಯನ್ನು ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ್ದ. ಅಂದರೆ ಪ್ರಸಾರವನ್ನೂ ಅವನೇ ಯೋಜಿಸಿದ್ದ. ವಿಚಾರಣೆಗೆ ಮುನ್ನ ನ್ಯೂಜಿಲೆಂಡಿನ ಐದು ಪ್ರಮುಖ ಸುದ್ದಿಸಂಸ್ಥೆಗಳು ಒಟ್ಟಿಗೆ ಕೂತು ಒಪ್ಪಂದ ಮಾಡಿಕೊಂಡವು: ಅವನ ಪ್ರಣಾಳಿಕೆ, ಸಂಕೇತ, ಕೈಸನ್ನೆಗಳಿಗೆ ಜಾಗ ಕೊಡುವುದಿಲ್ಲ, ಜನಾಂಗವಾದ ಸಾರುವ ಮಾತುಗಳನ್ನು ಆದಷ್ಟು ಕಡಿಮೆ ಮಾಡುತ್ತೇವೆ, ಕೋರ್ಟ್ ಸುದ್ದಿಯನ್ನು ಮಾತ್ರ ಬಿಡುವುದಿಲ್ಲ. ಟಿಆರ್‌ಪಿಗಾಗಿ ಬಡಿದಾಡುವವರು ಹೀಗೆ ಒಂದಾಗಬಲ್ಲರು ಎಂಬುದೇ ನನಗೆ ಅಚ್ಚರಿ. ನಮ್ಮ ಎಡಿಟ್ ಬೇಯಲ್ಲಿ ನಾನು ಪಾಲಿಸುವುದು ಇಷ್ಟು: ಗುಂಪಿನವರೇ ಮಾಡಿದ ವಿಡಿಯೊ ಹಾಕಲೇಬೇಕಾದರೆ ಹಿನ್ನೆಲೆ ಸಂಗೀತ ತೆಗೆಯುತ್ತೇನೆ, ವಿಳಾಸ ಮತ್ತು ಲೋಗೊ ಮಸುಕು ಮಾಡುತ್ತೇನೆ, ತುಣುಕನ್ನು ಲೂಪ್‌ನಲ್ಲಿ ಓಡಿಸಲು ಬಿಡುವುದಿಲ್ಲ. ಸಂಗೀತ ಹೋದ ಮೇಲೆ ಅಂಥ ವಿಡಿಯೊದಲ್ಲಿ ಉಳಿಯುವುದು ಮೈದಾನದಲ್ಲಿ ಒಂದಷ್ಟು ಜನ ಓಡಾಡುವ ದೃಶ್ಯ, ಅಷ್ಟೇ.

ಅಪಾಯದ ಬಗ್ಗೆ. ಹೊಡೆತ, ಬೆದರಿಕೆ ಎಲ್ಲರಿಗೂ ಹೊಳೆಯುವಂಥದ್ದು. ಆದರೆ ಹೆಚ್ಚಿನವರನ್ನು ಬೀಟ್ ಬಿಡಿಸುವುದು ಮೊಬೈಲಿಗೆ ಬರುವ ಹೊಲಸು ಮತ್ತು ದಿನವೂ ನೋಡುವ ರಶಸ್, ಅಂದರೆ ಎಡಿಟ್ ಆಗದ ಕಚ್ಚಾ ದೃಶ್ಯಗಳು. 2020ರಲ್ಲಿ ಯುನೆಸ್ಕೊ ಮತ್ತು ಪತ್ರಕರ್ತರ ಅಂತರರಾಷ್ಟ್ರೀಯ ಕೇಂದ್ರ (ಐಸಿಎಫ್‌ಜೆ) ನಡೆಸಿದ ಸಮೀಕ್ಷೆಗೆ ಉತ್ತರಿಸಿದ ಪತ್ರಕರ್ತೆಯರಲ್ಲಿ ಶೇ. 73ರಷ್ಟು ಮಂದಿ ಆನ್‌ಲೈನ್ ದೌರ್ಜನ್ಯ ಅನುಭವಿಸಿದ್ದರು. ಮನೆ ವಿಳಾಸ, ಮಕ್ಕಳ ಶಾಲೆಯ ಫೋಟೊ, ವಾಹನದ ನಂಬರ್ ಇಂಟರ್‌ನೆಟ್‌ನಲ್ಲಿ ಎಲ್ಲೆಲ್ಲಿ ಬಿದ್ದಿದೆ ಎಂದು ಮೊದಲ ವರದಿಗೂ ಮುಂಚೆ ಹುಡುಕಿ ಅಳಿಸಿ. ಬೈಗುಳ ನೀವೇ ಓದುತ್ತ ಕೂರಬೇಡಿ, ಸಹೋದ್ಯೋಗಿಯೊಬ್ಬರಿಗೆ ಓದಲು ಹೇಳಿ, ನಿಜವಾದ ಬೆದರಿಕೆ ಇದ್ದರೆ ಅವರು ತಿಳಿಸಲಿ. ಹಿಂಸೆಯ ದೃಶ್ಯ ಪರಿಶೀಲಿಸುವಾಗ ಸೌಂಡ್ ಆಫ್ ಮಾಡಿ, ಕಿಟಕಿ ಚಿಕ್ಕದು ಮಾಡಿ. ಅಂಥ ದೃಶ್ಯ ನೋಡುವ ಪತ್ರಕರ್ತರನ್ನು ಅಧ್ಯಯನ ಮಾಡಿದ ಮನೋವೈದ್ಯ ಆ್ಯಂಟನಿ ಫೈನ್‌ಸ್ಟೈನ್ ತಂಡ 2014ರಲ್ಲಿ ಕಂಡುಕೊಂಡಂತೆ, ಒಂದೇ ಸಲ ಎಷ್ಟು ಹೊತ್ತು ನೋಡುತ್ತೀರಿ ಎನ್ನುವುದಕ್ಕಿಂತ ಎಷ್ಟು ಸಲ ನೋಡುತ್ತೀರಿ ಎನ್ನುವುದೇ ಮನಸ್ಸನ್ನು ಹೆಚ್ಚು ಕೆಡಿಸುತ್ತದೆ. ದಿನಾ ಸ್ವಲ್ಪ ಸ್ವಲ್ಪ ನೋಡುವುದಕ್ಕಿಂತ ಒಂದು ದಿನ ಗೊತ್ತುಮಾಡಿಕೊಂಡು ಮುಗಿಸುವುದೇ ವಾಸಿ ಎಂದು ನಾನು ಅಂದುಕೊಂಡಿರುವುದು ಇದೇ ಕಾರಣಕ್ಕೆ.

ಹೊಟ್ಟೆಪಾಡು? ನಡೆಯುತ್ತದೆ, ನಿಧಾನಕ್ಕೆ. ದಿನಕ್ಕೆರಡು ಸ್ಟೋರಿ ಕೊಡುವವರ ಪಕ್ಕದಲ್ಲಿ ನಿಮ್ಮ ಲೆಕ್ಕ ಬಡವಾಗಿಯೇ ಕಾಣುತ್ತದೆ, ಅಪ್ರೈಸಲ್ ಹೊತ್ತಿಗೆ ಅದು ಚುಚ್ಚುತ್ತದೆ. ಆದರೆ ಈ ಬೀಟ್‌ಗೆ ಆಯುಸ್ಸು ಹೆಚ್ಚು. ಬ್ರಿಟಿಷ್ ಪತ್ರಕರ್ತ ಪೀಟರ್ ಟೇಲರ್ 1972ರ ಬ್ಲಡಿ ಸಂಡೆ (ಮೆರವಣಿಗೆಯ ಮೇಲೆ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ಘಟನೆ) ಸುದ್ದಿಗೆಂದು ಉತ್ತರ ಐರ್ಲೆಂಡಿಗೆ ಮೊದಲ ಸಲ ಹೋದವರು, ದಶಕಗಳ ಕಾಲ ಅದೇ ಕಥೆಯ ಬೆನ್ನು ಹತ್ತಿದರು. ಐರ್ಲೆಂಡ್ ಒಂದಾಗಬೇಕೆನ್ನುವ ರಿಪಬ್ಲಿಕನ್ನರ ಮೇಲೊಂದು, ಬ್ರಿಟನ್ ಜೊತೆಗೇ ಇರಬೇಕೆನ್ನುವ ಲಾಯಲಿಸ್ಟರ ಮೇಲೊಂದು, ಬ್ರಿಟಿಷ್ ಆಡಳಿತದ ಮೇಲೊಂದು ಸಾಕ್ಷ್ಯಚಿತ್ರ ಸರಣಿ ಮಾಡಿದರು. ಬಿನ್ ಲಾಡೆನ್ ಸಂದರ್ಶನದ ಪ್ರೊಡ್ಯೂಸರ್ ಆಗಿದ್ದ ಪೀಟರ್ ಬರ್ಗನ್ ಆ ವಿಷಯದ ಲೇಖಕರಾಗಿ, ವಿಶ್ಲೇಷಕರಾಗಿ ಬೆಳೆದರು. ಸಾಕ್ಷ್ಯಚಿತ್ರ, ಪುಸ್ತಕ, ಸಂಶೋಧನೆ, ಪಾಠ ಹೇಳುವುದು: ಮುಂದಿನ ದಾರಿಗಳು ಇವೇ.

ಬೀಟ್ ಒಪ್ಪಿಕೊಳ್ಳುವ ಮುಂಚೆ ನಿಮ್ಮ ಮುಖ್ಯಸ್ಥರಿಂದ ಎರಡು ವಿಷಯ ಈಮೇಲ್‌ನಲ್ಲಿ ಬರೆಸಿಕೊಳ್ಳಿ. ಮಾನನಷ್ಟದ ನೋಟಿಸ್ ಬಂದರೆ ವಕೀಲರ ಖರ್ಚು ಸಂಸ್ಥೆಯದ್ದೇ ತಾನೆ? ಬೆದರಿಕೆ ಬಂದ ದಿನ ನೀವು ಫೋನ್ ಮಾಡಬೇಕಾದ ವ್ಯಕ್ತಿ ಯಾರು? ಇದಕ್ಕೆ "ಆಮೇಲೆ ನೋಡೋಣ" ಎಂದರೆ ಸದ್ಯಕ್ಕೆ ಕೋರ್ಟ್ ಬೀಟ್ ಕೇಳಿ ಪಡೆಯಿರಿ. ಈ ಗುಂಪುಗಳ ಕಾಗದಪತ್ರವೆಲ್ಲ ಹೇಗೂ ಅಲ್ಲಿಗೇ ಬರುತ್ತದೆ, ಗುಮಾಸ್ತರ ಪರಿಚಯವೂ ಆಗುತ್ತದೆ.