ಅರಬ್ ಕುದುರೆಗೆ ಜಡೆ ಬೇಡ

ನಿಮ್ಮ ಶುದ್ಧ ತಳಿಯ ಅರಬ್ ಕುದುರೆಯನ್ನು ಪ್ರದರ್ಶನದ ಸವಾರಿ ವಿಭಾಗಕ್ಕೆ ಇಳಿಸುವಾಗ ಕೇಸರ ಹೆಣೆಯಬೇಕೇ, ಕ್ಯಾಂಟರ್‌ನಲ್ಲಿ (ಹದವಾದ ನಾಗಾಲೋಟದಲ್ಲಿ) ತಲೆ ಎತ್ತಿದರೆ ಏನು ಮಾಡಬೇಕು ಎಂದು ಕೇಳಿದ್ದೀರಿ.

ಹೆಣೆಯಬೇಡಿ. ಬ್ರಿಟನ್ನಿನ ಪದ್ಧತಿಯಲ್ಲಿ ಅರಬ್‌ನ ಕೇಸರ, ಬಾಲ ಎರಡನ್ನೂ ಸಹಜವಾಗಿ ಇಳಿಬಿಡುತ್ತಾರೆ. ಮೂತಿಯ ಮೀಸೆಗೂದಲನ್ನೂ ಬೋಳಿಸಬೇಡಿ, ಅದು ಸ್ಪರ್ಶಕ್ಕೆ ಬೇಕಾದದ್ದು. ಬೋಳಿಸಿದ ಕುದುರೆಗೆ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ (ಎಫ್‌ಇಐ) ಸ್ಪರ್ಧೆಗಳಲ್ಲಿ 2021ರ ಜುಲೈಯಿಂದ ಪ್ರವೇಶವಿಲ್ಲ.

ನಿಜವಾದ ಕೆಲಸ ಇರುವುದು ತಲೆಯ ವಿಷಯದಲ್ಲಿ. ದಯವಿಟ್ಟು ಲಗಾಮು ಜಗ್ಗಿ ಇಳಿಸಬೇಡಿ. ಬೆನ್ನು ಇನ್ನಷ್ಟು ಬಿಗಿಯುತ್ತದೆ, ಹಿಂಗಾಲು ಹಿಂದೆ ಉಳಿಯುತ್ತದೆ. ದೊಡ್ಡ ವೃತ್ತದಲ್ಲಿ ಟ್ರಾಟ್ (ಕ್ಯಾಂಟರ್‌ಗಿಂತ ನಿಧಾನದ ಓಟ) ಮಾಡಿಸಿ, ಬೆನ್ನು ಸಡಿಲಾದಾಗ ಮಾತ್ರ ನಾಲ್ಕಾರು ಹೆಜ್ಜೆ ಕ್ಯಾಂಟರ್, ಮತ್ತೆ ಟ್ರಾಟ್. ಬಾಲ ಎತ್ತುವುದು ತಳಿಯ ಗುಣ, ಅದನ್ನು ತಿದ್ದಲು ಹೋಗಬೇಡಿ. ವಾಯುನೆಲೆ ಇರುವ ಯಲಹಂಕದ ಕಡೆಯ ಲಾಯವಾದರೆ ವಿಮಾನದ ಸದ್ದು ಅದಕ್ಕೆ ಹೊಸದಲ್ಲ. ಆದರೆ ಪ್ರದರ್ಶನದಲ್ಲಿ ಕೇಳುವ ಧ್ವನಿವರ್ಧಕ, ಚಪ್ಪಾಳೆಗಳನ್ನು ಈಗಿನಿಂದಲೇ ರೂಢಿಸಿ.